ನಾಲ್ಕು ಬಾಟಲಿ ಅಂಬರ್

ಧನರಾಜ್ ಕೋಟ್ಯಾನ್ ಕುಡುಕನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿಯರ್ ಕುಡಿದು ಅದರ ರುಚಿಯ ಬಗ್ಗೆ ಬರೆಯುವವನು ಎಂದರೆ ಮುಸಿಮುಸಿ ನಗುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವನ ಹೆಂಡತಿ ಶೀಲಾವತಿಯೇ ಆ ಬರಹಕ್ಕೆ 'ನಿಮ್ಮ ಕುಡಿತದ ಪುರಾಣ' ಎಂದು ಹೆಸರಿಟ್ಟಿದ್ದಾಳೆ. ನಿಜ ನೋಡಿದರೆ ತಿಂಗಳಿಗೆ ಅವನ ಹೊಟ್ಟೆಗೆ ಇಳಿಯುವುದು ಎರಡು ಸಣ್ಣ ಬಾಟಲಿ ಬಿಯರ್, ಅಷ್ಟೆ. ಚೆಂಬೂರು ಸ್ಟೇಷನ್ನಿನ ಹತ್ತಿರದ ಬಾರೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರ್ ಆಗಿರುವ ಆ ಮನುಷ್ಯ ಅಲ್ಲಿ ಮುಟ್ಟುವುದು ನಿಂಬೆ ಸೋಡ ಮಾತ್ರ.

ಆದರೆ ಆ ಎರಡು ಬಾಟಲಿಗೆ ತೂಕವಿತ್ತು. ಮುಂಬಯಿಯ ಬಾರುಗಳ ಗಲ್ಲಾದ ಹಿಂದೆ ಕೂತವರಲ್ಲಿ ಉಡುಪಿ, ಮಂಗಳೂರು ಕಡೆಯವರೇ ಹೆಚ್ಚು. ಅವರದೊಂದು ಸಂಘ, ಸಂಘಕ್ಕೊಂದು ಕನ್ನಡ ಮಾಸಿಕ. ಮುಚ್ಚಿಹೋದ ಕನ್ನಡ ಶಾಲೆಯೊಂದರ ಮೇಷ್ಟರಾಗಿದ್ದ ಅಣ್ಣು ಮಾಸ್ಟ್ರು ಅದರ ಸಂಪಾದಕರು. ಮದುವೆ, ಶ್ರದ್ಧಾಂಜಲಿ, ಲೈಸನ್ಸಿನ ಹೊಸ ನಿಯಮ ಎಲ್ಲ ಮುಗಿದ ಮೇಲೆ ಕೊನೆಯ ಪುಟದ ಅರ್ಧದಲ್ಲಿ 'ಒಂದು ಗುಟುಕು' ಎಂಬ ಅಂಕಣ. ಅದನ್ನು ಧನರಾಜ್ ಎಂಟು ವರ್ಷಗಳಿಂದ ಬರೆಯುತ್ತಿದ್ದ. ಪುಣೆ, ನಾಸಿಕ್, ಗೋವಾಗಳಲ್ಲಿ ಸಣ್ಣಸಣ್ಣ ಬ್ರೂವರಿಗಳು ಹುಟ್ಟಿಕೊಂಡು ದಿನಕ್ಕೊಂದು ಹೆಸರಿನ ಬಿಯರ್ ಬರತೊಡಗಿದಾಗ ನಮ್ಮ ಬಾರು ಮಾಲೀಕರಿಗೆ ತಲೆ ಕೆಟ್ಟುಹೋಗಿತ್ತು. ಯಾವುದನ್ನು ತರಿಸುವುದು, ಯಾವುದನ್ನು ಬಿಡುವುದು? ಧನರಾಜ್ ಏನು ಬರೆದಿದ್ದಾನೆ ನೋಡಿ ಎನ್ನುವುದು ರೂಢಿಯಾಯಿತು. ಅವನು ಒಳ್ಳೆಯದು ಎಂದದ್ದು ಮರುವಾರ ಸಯನ್‌ನಿಂದ ಮುಲುಂಡ್‌ವರೆಗೆ ಬಾರುಗಳ ನಲ್ಲಿಯಲ್ಲಿ ಹರಿಯುತ್ತಿತ್ತು. ಬೇಡ ಎಂದದ್ದರ ಡ್ರಮ್ಮು ಹೊತ್ತ ಟೆಂಪೋ ಬಾಗಿಲಿಂದಲೇ ವಾಪಸ್ಸು ಹೋಗುತ್ತಿತ್ತು.

ಅವನಿಗೆ ಪ್ರೀತಿ ಅಂಬರ್ ಮೇಲೆ. ಹಾಲು ಹಾಕದ ಗಟ್ಟಿ ಚಹಾದ ಬಣ್ಣದ ಬಿಯರ್ ಅದು. ಧಾನ್ಯವನ್ನು ಮೊಳಕೆ ಬರಿಸಿ ಹುರಿದು ಮಾಡಿದ ಮಾಲ್ಟು ಅದರಲ್ಲಿ ಮುಂದೆ ನಿಲ್ಲುತ್ತದೆ, ಕಹಿ ಹಿಂದೆ. ಎಳೆಯ ಹುಡುಗರು ಬಾಯಿ ಕಹಿಯಾಗಿಸುವ ಬಿಯರನ್ನೇ ಹೊಗಳುತ್ತಿದ್ದರೆ ಧನರಾಜನಿಗೆ ಸಿಟ್ಟು ಬರುತ್ತಿತ್ತು. ಕಹಿ ಯಾರು ಬೇಕಾದರೂ ಮಾಡಬಹುದು, ಸಿಹಿಯನ್ನು ಅಳತೆಯಲ್ಲಿ ನಿಲ್ಲಿಸುವುದು ಕಷ್ಟ ಎಂದು ಅವನ ವಾದ. ಪುಸ್ತಕದ ಇಂಗ್ಲಿಷ್ ಶಬ್ದಗಳು ಅವನಿಗೆ ಬರುತ್ತಿರಲಿಲ್ಲ. ಹುರಿದ ಕುಚ್ಚಲಕ್ಕಿ, ತಾಳೆಯ ಓಲೆಬೆಲ್ಲ, ಸುಟ್ಟ ಹಲಸಿನ ಬೀಜ ಎಂದು ಬರೆಯುತ್ತಿದ್ದ. ಓದುವವರಿಗೆ ಅದು ತಕ್ಷಣ ನಾಲಗೆಗೆ ತಾಗುತ್ತಿತ್ತು.

ಆ ನಾಲಗೆ ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ಕಾಪುವಿನ ಹತ್ತಿರ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಬೆಳಿಗ್ಗೆ ಇಳಿಸಿದ ಮಡಕೆಯನ್ನು ಮಗನ ಮೂಗಿಗೆ ಹಿಡಿದು ಇದು ಯಾವ ಮರದ್ದು ಹೇಳು ಎನ್ನುತ್ತಿದ್ದರು. ಹತ್ತು ವರ್ಷದವನಿರುವಾಗಲೇ ಅವನು ಹದಿನಾಲ್ಕು ಮರಗಳನ್ನು ವಾಸನೆಯಿಂದ ಗುರುತಿಸುತ್ತಿದ್ದ. ಅಪ್ಪನಿಗೆ ಅದರಲ್ಲಿ ಹೆಮ್ಮೆಯೇನೂ ಇರಲಿಲ್ಲ. ಮೂಗು ಇದ್ದವನಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ ಎನ್ನುವ ಜಾತಿಯ ಮನುಷ್ಯ.

ಹದಿನೆಂಟರಲ್ಲಿ ಮುಂಬಯಿಗೆ ಬಂದು ಸಯನ್‌ನ ಹೋಟೆಲೊಂದರಲ್ಲಿ ಗ್ಲಾಸು ತೊಳೆಯಲು ನಿಂತಾಗ ಪಕ್ಕದಲ್ಲಿ ನಿಂತು ಕೆಲಸ ಕಲಿಸಿದವನು ದೂಜ. ದೂಜ ಅವನಿಗಿಂತ ಆರು ವರ್ಷ ದೊಡ್ಡವನು, ಕಟಪಾಡಿಯವನು. ಇಬ್ಬರೂ ಒಂದೇ ಚಾಳಿನ ಒಂದೇ ಕೋಣೆಯಲ್ಲಿ ಏಳು ವರ್ಷ ಇದ್ದರು. ಧನರಾಜನಿಗೆ ಕಾಮಾಲೆಯಾದಾಗ ಒಂದು ತಿಂಗಳು ಇಬ್ಬರ ಕೆಲಸವನ್ನೂ ಮಾಡಿ ಅವನ ಜಾಗ ಉಳಿಸಿದವನು ದೂಜ. ಧನರಾಜನ ಮದುವೆಗೆ ಹೆಣ್ಣು ನೋಡಿದವನೂ ಅವನೇ. ಇಂಥವನನ್ನು ಗೆಳೆಯ ಎಂದರೆ ಕಡಿಮೆಯಾಗುತ್ತದೆ. ಧನರಾಜ್ ಅವನನ್ನು ಇವತ್ತಿಗೂ ದೂಜಣ್ಣ ಎಂದೇ ಕರೆಯುತ್ತಾನೆ.

ದೂಜ ಕೊನೆಯವರೆಗೂ ಆ ಹೋಟೆಲಿನಲ್ಲೇ ಇದ್ದು, ಬಡಿಸುವವರ ಮೇಲಿನ ಕ್ಯಾಪ್ಟನ್ ಆಗಿ ನಿವೃತ್ತನಾದ. ಅವನಿಗೆ ಒಬ್ಬಳೇ ಮಗಳು ಪ್ರಣೀತಾ. ರಸಾಯನಶಾಸ್ತ್ರ ಓದಿದವಳು, ಪುಣೆಯ ಬ್ರೂವರಿಯಲ್ಲಿ ಐದು ವರ್ಷ ದುಡಿದು, ಮೂವತ್ತನೇ ವಯಸ್ಸಿಗೆ ತನ್ನದೇ ಒಂದು ಮಾಡುತ್ತೇನೆಂದು ಹೊರಟಳು. ರಬಾಳೆಯ ಕೈಗಾರಿಕಾ ವಸಾಹತಿನಲ್ಲಿ ಒಂದು ಗಾಲಾ, ಎಂದರೆ ಬಾಡಿಗೆಯ ಶೆಡ್ಡು, ಹಿಡಿದು, ನಾಲ್ಕು ಸ್ಟೀಲ್ ಟ್ಯಾಂಕು ಕೂರಿಸಿದಳು. ಮಾಡಿದ್ದು ಒಂದೇ ಒಂದು ಬಿಯರ್, ಅಂಬರ್. ಧನರಾಜ್ ಅಂಕಲ್‌ನ ಮಾತು ಕೇಳಿ ಕೇಳಿಯೇ ತನಗೆ ಅಂಬರ್ ಹುಚ್ಚು ಹಿಡಿದದ್ದು ಎಂದು ಎಲ್ಲರ ಹತ್ತಿರವೂ ಹೇಳುತ್ತಿದ್ದಳು. ಲೇಬಲ್ಲಿನ ಮೇಲೆ ಅಪ್ಪನ ಹೆಸರನ್ನೇ ಹಾಕಿಸಿದಳು: ದೂಜ ಅಂಬರ್. ಜೀವಮಾನವಿಡೀ ಬೇರೆಯವರ ಹೆಸರಿನ ಬಾಟಲಿ ಬಗ್ಗಿಸಿದ ಮನುಷ್ಯ, ತನ್ನ ಹೆಸರಿನ ಬಾಟಲಿಯನ್ನು ಸಯನ್‌ನ ಬಿಲ್ಡಿಂಗಿನ ಮನೆಮನೆಗೂ ಒಯ್ದು ತೋರಿಸಿದ. ಕುಡಿಯದವರಿಗೂ ತೋರಿಸಿದ.

ಎಲ್ಲವೂ ನಿಂತಿದ್ದದ್ದು 'ಒಂದು ಗುಟುಕಿ'ನ ಮೇಲೆ. ಅವಳ ಬಿಯರನ್ನು ತರಿಸಬೇಕಾದವರು ನಮ್ಮ ಬಾರು ಮಾಲೀಕರೇ, ಅವರೆಲ್ಲ ಕಾಯುತ್ತಿದ್ದದ್ದು ಧನರಾಜನ ಅರ್ಧ ಪುಟಕ್ಕೆ. ಡಿಸೆಂಬರಿನಲ್ಲಿ ಪ್ರಣೀತಾ ಚೆಂಬೂರಿನ ಅವನ ಮನೆಗೆ ಬಂದು ನಾಲ್ಕು ಬಾಟಲಿ ಇಟ್ಟು, ಗಾಲಾಕ್ಕೇ ಬನ್ನಿ, ಟ್ಯಾಂಕಿನಿಂದ ನೇರವಾಗಿ ಕೊಡುತ್ತೇನೆ ಎಂದು ಕರೆದಳು. ಧನರಾಜ್ ಒಪ್ಪಲಿಲ್ಲ. ಪರಿಚಯದವರದ್ದಾದರೆ ಇನ್ನೂ ಬಿಗಿಯಾಗಿ ನೋಡಬೇಕು, ಇಲ್ಲದಿದ್ದರೆ ನಾಳೆ ಯಾರೂ ನಂಬುವುದಿಲ್ಲ ಎಂದ. ಅವಳಿಗೆ ಅದು ಹಿಡಿಸಿತು. ಅದಕ್ಕೇ ನಿಮ್ಮ ಮಾತಿಗೆ ಬೆಲೆ ಎಂದು ಹೇಳಿ ಹೋದಳು.

ಧನರಾಜನಿಗೆ ರುಚಿ ನೋಡುವುದಕ್ಕೆ ಒಂದು ಕ್ರಮವಿತ್ತು. ಬಾರಿನಲ್ಲಿ ತಂದೂರಿನ ಹೊಗೆ, ಫಿನೈಲಿನ ವಾಸನೆ. ಅಲ್ಲಿ ಆಗುವುದಿಲ್ಲ. ರಜೆಯ ದಿನ ಮನೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಹೊಟ್ಟೆ ಅರ್ಧ ಖಾಲಿ ಇರುವಾಗ. ಎರಡು ದಿನ, ಎರಡು ಬಾಟಲಿ, ಒಂದೇ ಗ್ಲಾಸು. ಒಂದು ದಿನ ನಾಲಗೆ ಸರಿ ಇಲ್ಲದಿದ್ದರೂ ಇನ್ನೊಂದು ದಿನ ಸರಿ ಇದ್ದೀತು ಎಂದು. ಗ್ಲಾಸು ಅವನದೇ, ಹೊಟ್ಟೆ ಅಗಲ, ಬಾಯಿ ಕಿರಿದು. ಕೆಲಸ ಮುಗಿದ ಮೇಲೆ ಬಿಸಿನೀರು ಉಪ್ಪು ಹಾಕಿ ತೊಳೆದು ಕವುಚಿ ಇಡುವುದು, ಮತ್ತೆ ಬಳಸುವಾಗ ತಣ್ಣೀರಿನಲ್ಲಿ ಒಮ್ಮೆ ಜಾಲಿಸುವುದು. ಸೋಪು ಮುಟ್ಟಿಸುವ ಹಾಗಿಲ್ಲ, ಬಟ್ಟೆಯಿಂದ ಒರೆಸುವ ಹಾಗಿಲ್ಲ. ಮನೆಯಲ್ಲಿ ಉಳಿದದ್ದೆಲ್ಲ ಸ್ಟೀಲ್ ಲೋಟ, ಗಾಜಿನದ್ದು ಇದೊಂದೇ.

ಜನವರಿಯ ಒಂದು ಭಾನುವಾರ ಮೊದಲ ಬಾಟಲಿ ತೆರೆದ. ಬಣ್ಣ ನೋಡಿ ಖುಷಿಯಾಯಿತು. ಆದರೆ ನೊರೆ ಏರಿದ್ದು ಏರಿದ ಹಾಗೆಯೇ ಕುಸಿಯಿತು. ಗ್ಲಾಸಿನ ಅಂಚಿಗೆ ನಾಲ್ಕು ಗುಳ್ಳೆ ಅಂಟಿಕೊಂಡು ಉಳಿದವು. ಮೂಗಿಗೆ ಹಿಡಿದ. ಹುರಿದ ಅಕ್ಕಿಯ ಪರಿಮಳ ಬರುವ ಮೊದಲೇ ಏನೋ ಒಂದು ಜಿಡ್ಡಿನ ಕಮಟು ಅಡ್ಡ ಬಂತು. ಕಣ್ಣು ಮುಚ್ಚಿ ಮತ್ತೆ ಮೂಸಿದ. ಕಮಟು ಇತ್ತು. ಮರುದಿನ ಅರ್ಧ ದಿನದ ರಜೆ ಹಾಕಿ ಎರಡನೇ ಬಾಟಲಿ ತೆರೆದ. ಮತ್ತೆ ಅದೇ ಸತ್ತ ನೊರೆ, ಅದೇ ಕಮಟು. ಹಾಗಾದರೆ ಸಂಶಯವಿಲ್ಲ, ಬಿಯರಿನದ್ದೇ ದೋಷ ಎಂದು ತೀರ್ಮಾನಿಸಿದ.

ಮೂರು ದಿನ ಬರೆಯಲಾಗಲಿಲ್ಲ. ಪ್ರಣೀತಾಳಿಗೆ ಫೋನು ಮಾಡಿ ಹೀಗಿದೆ ಎಂದು ಹೇಳಿಬಿಡಬಹುದಿತ್ತು. ಬೇರೆ ಬಾಟಲಿ ಕಳಿಸು ಎನ್ನಬಹುದಿತ್ತು. ಆದರೆ ಪುಣೆಯವರಿಗೆ, ನಾಸಿಕ್‌ನವರಿಗೆ ಎಂದಾದರೂ ಹಾಗೆ ಮಾಡಿದ್ದೆನಾ ಎಂದು ತನ್ನನ್ನೇ ಕೇಳಿಕೊಂಡ. ಇಲ್ಲ. ಇಲ್ಲವೆಂದ ಮೇಲೆ ದೂಜಣ್ಣನ ಮಗಳಿಗೂ ಇಲ್ಲ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಸಂಕಟದ ಅಡಿಯಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಸ್ವಂತದವರನ್ನೂ ಬಿಡದ ಮನುಷ್ಯ ಎಂದು ಜನ ಅನ್ನುವುದು ಆಗಲೇ ಅವನ ಕಿವಿಗೆ ಕೇಳಿಸುತ್ತಿತ್ತು. ಆ ಹೆಮ್ಮೆಯಲ್ಲಿ ಬರೆದದ್ದರಿಂದಲೇ ಬರಹ ಬೇಕಾದ್ದಕ್ಕಿಂತ ಹರಿತವಾಯಿತು.

'ಬಣ್ಣಕ್ಕೆ ಕುಂದಿಲ್ಲ. ಆದರೆ ಹತ್ತು ಎಣಿಸುವಷ್ಟರಲ್ಲಿ ನೊರೆ ಸಾಯುತ್ತದೆ. ಮೂಗಿಗೆ ಹಿಡಿದರೆ ಹಳೆ ಜಿಡ್ಡಿನ ಕಮಟು. ಮಾಲ್ಟು ಹಳತಾಗಿರಬೇಕು, ಇಲ್ಲವೇ ಟ್ಯಾಂಕು ತೊಳೆಯುವುದು ಇನ್ನೂ ಕಲಿಯಬೇಕು. ಹೆಸರು ಹಿರಿಯರದ್ದು, ಕೈ ಇನ್ನೂ ಪಳಗಿಲ್ಲ.' ಇಷ್ಟು ಬರೆದು ಕಳಿಸಿದ. ಅಣ್ಣು ಮಾಸ್ಟ್ರು ಮೇಲೆ ತಲೆಬರಹ ಕೊಟ್ಟರು: ದೂಜ ಅಂಬರ್, ನೊರೆ ನಿಲ್ಲದ ಬಿಯರ್.

ಫೆಬ್ರವರಿ ಸಂಚಿಕೆ ಹೊರಬಿದ್ದ ಮೇಲೆ ಅವನು ಎಣಿಸಿದ ಹಾಗೆಯೇ ಆಯಿತು. ಇಬ್ಬರು ಮಾಲೀಕರು ಫೋನು ಮಾಡಿ ಹೊಗಳಿದರು. ಘಾಟ್‌ಕೋಪರಿನ ಒಬ್ಬರು, ಗೆಳೆಯನ ಮಗಳೆಂದು ಗೊತ್ತಿದ್ದೂ ಬರೆದಿರಲ್ಲ, ನಿಮ್ಮಂಥವರು ಈಗ ಎಲ್ಲಿದ್ದಾರೆ ಎಂದರು. ದೂಜನಿಂದ ಮಾತ್ರ ಫೋನು ಬರಲಿಲ್ಲ. ಧನರಾಜನೇ ಎರಡು ಸಲ ನಂಬರು ತೆಗೆದು, ಒತ್ತದೆ, ಮೊಬೈಲು ಕಿಸೆಗೆ ಹಾಕಿದ. ಕೋಪ ಇಳಿಯಲಿ, ಹುಡುಗಿ ಮುಂದಿನ ಸಲ ಚೆನ್ನಾಗಿ ಮಾಡುತ್ತಾಳೆ, ಆಗ ಬಾಯ್ತುಂಬ ಹೊಗಳಿ ಬರೆದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಮಾರ್ಚಿನ ಅಂಕಣಕ್ಕೆ ಪುಣೆಯದೊಂದು ಅಂಬರ್ ತೆಗೆದುಕೊಂಡ. ಅದು ಅವನಿಗೆ ಆರು ವರ್ಷದಿಂದ ಗೊತ್ತಿದ್ದ ಬಿಯರ್, ಬೇಸಿಗೆಯ ಆರಂಭಕ್ಕೆ ಒಂದು ನೆನಪಿನ ಮಾತು ಬರೆಯೋಣವೆಂದು ತೆಗೆದದ್ದು. ಗ್ಲಾಸಿಗೆ ಬಗ್ಗಿಸಿದ. ನೊರೆ ಏರಿತು, ಕುಸಿಯಿತು. ಅಂಚಿಗೆ ನಾಲ್ಕು ಗುಳ್ಳೆ ಉಳಿದವು.

ಧನರಾಜ್ ಗ್ಲಾಸನ್ನು ಮೂಗಿಗೆ ಹಿಡಿದ, ಅದೇ ಕಮಟು. ಆಮೇಲೆ ಬಿಯರನ್ನು ಮೋರಿಗೆ ಚೆಲ್ಲಿ, ಗ್ಲಾಸನ್ನು ನಲ್ಲಿಯ ಕೆಳಗೆ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದ. ಗ್ಲಾಸಿನ ಒಳಗೆ ನೀರು ಜಾರಿ ಇಳಿಯದೆ ಹನಿಹನಿಯಾಗಿ ನಿಂತಿತ್ತು. ಸಯನ್‌ನ ಹೋಟೆಲಿನಲ್ಲಿ ಮೊದಲ ದಿನ ದೂಜ ಕಲಿಸಿದ ಪಾಠವೇ ಅದು: ಶುದ್ಧ ಗ್ಲಾಸಿನಲ್ಲಿ ನೀರು ಹಾಳೆಯ ಹಾಗೆ ಇಳಿಯುತ್ತದೆ, ಜಿಡ್ಡಿದ್ದರೆ ಹನಿ ನಿಲ್ಲುತ್ತದೆ. ಹದಿನೆಂಟರಲ್ಲಿ ಕಲಿತದ್ದನ್ನು ಐವತ್ತೇಳರಲ್ಲಿ ಮರೆತಿದ್ದನೆಂದಲ್ಲ. ತನ್ನ ಗ್ಲಾಸನ್ನು ನೋಡಬೇಕು ಎಂದೇ ಅವನಿಗೆ ಅನ್ನಿಸಿರಲಿಲ್ಲ. ಬೇರೆಯವರ ಟ್ಯಾಂಕಿನಲ್ಲಿ ಕೊಳೆ ಹುಡುಕುವವನಿಗೆ ತನ್ನ ಕೈಯ ಗ್ಲಾಸಿನ ಮೇಲೆ ಅಷ್ಟು ಭರವಸೆ.

ಅಡುಗೆಮನೆಯಲ್ಲಿದ್ದ ಶೀಲಾವತಿಯನ್ನು ಕರೆದು, ಈ ಗ್ಲಾಸನ್ನು ಯಾತಕ್ಕಾದರೂ ತೆಗೆದಿದ್ದೆಯಾ ಎಂದು ಮೆಲ್ಲಗೆ ಕೇಳಿದ. ಅವಳು ಮುಚ್ಚಿಡುವ ಹೆಂಗಸಲ್ಲ.

"ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗಿತ್ತಲ್ಲ, ತಲೆಗೆ ಹಾಕ್ಲಿಕ್ಕೆ ಸ್ವಲ್ಪ ಅದರಲ್ಲಿ ಹಾಕಿ ಬಿಸಿಲಿಗೆ ಇಟ್ಟದ್ದು," ಎಂದಳು. "ಸ್ಟೀಲಿನದ್ದರಲ್ಲಿ ಕರಗಿದ್ದು ಕಾಣುದಿಲ್ಲ. ನಾನು ಸೋಪು ಹಾಕಿ ತೊಳೆದೇ ಇಟ್ಟಿದ್ದೇನೆ ಮಾರಾಯ್ರೆ. ಯಾಕೆ, ಎಂತ ಆಯ್ತು?"

ಅವಳದ್ದೇನೂ ತಪ್ಪಿಲ್ಲ. ಕಿರಿಬಾಯಿಯ ಗ್ಲಾಸಿನ ಹೊಟ್ಟೆಗೆ ಅವಳ ಕೈ ಇಳಿದಿರಲಿಲ್ಲ. ಅವನು ಆಮೇಲೆ ಹಾಕಿದ ಬಿಸಿನೀರು ಉಪ್ಪು ಉಳಿದ ಎಣ್ಣೆಯನ್ನು ತೆಗೆಯುವ ಬದಲು ಕರಗಿಸಿ ಸುತ್ತಲೂ ಬಳಿದಿತ್ತು. ವಾಸನೆಯ ವಿಷಯ ಇನ್ನೂ ಹೊಟ್ಟೆ ಉರಿಸುವಂಥದ್ದು. ಹುಟ್ಟಿದಂದಿನಿಂದ ತೆಂಗಿನೆಣ್ಣೆಯಲ್ಲೇ ಬೆಳೆದ ಮೂಗು ಅದು. ತಲೆಗೆ ಅದೇ, ಒಗ್ಗರಣೆಗೆ ಅದೇ, ದೇವರ ದೀಪಕ್ಕೂ ಅದೇ. ಅದೊಂದು ವಾಸನೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸುವುದೇ ಇಲ್ಲ. ಬಿಯರಿನ ಮೇಲೆ ತೇಲಿದಾಗ ಏನೋ ತಪ್ಪಿದೆ ಎಂದಷ್ಟೇ ಮೂಗು ಹೇಳಿತು. ಅದು ತನ್ನ ಮನೆಯದ್ದೇ ಎಂದು ಹೇಳಲಿಲ್ಲ. ಒಬ್ಬ ಪಂಜಾಬಿಯನ್ನೋ ಗುಜರಾತಿಯನ್ನೋ ಕರೆದು ಆ ಗ್ಲಾಸು ಕೊಟ್ಟಿದ್ದರೆ, ಇದೇನು ತೆಂಗಿನೆಣ್ಣೆ ಎಂದು ಮರುಕ್ಷಣ ಕೇಳುತ್ತಿದ್ದ.

ಫ್ರಿಜ್ಜಿನಲ್ಲಿ ದೂಜ ಅಂಬರಿನ ಎರಡು ಬಾಟಲಿ ಉಳಿದಿದ್ದವು. ಧನರಾಜ್ ಬಾರಿಗೆ ಹೋಗಿ ಹೊಸದೊಂದು ಗ್ಲಾಸು ತಂದು, ಮೂರು ಸಲ ತೊಳೆದು, ನೀರು ಹಾಳೆಯಾಗಿ ಇಳಿಯುವುದನ್ನು ನೋಡಿ, ಮೂರನೆಯ ಬಾಟಲಿಯನ್ನು ಬಗ್ಗಿಸಿದ. ಎರಡು ಬೆರಳು ನೊರೆ ಎದ್ದು ಗಟ್ಟಿಯಾಗಿ ನಿಂತಿತು. ಮೊದಲು ಹುರಿದ ಅಕ್ಕಿ, ಆಮೇಲೆ ಓಲೆಬೆಲ್ಲ, ಕೊನೆಯಲ್ಲಿ ನಾಲಗೆಯ ಹಿಂದೆ ಹಲಸಿನ ಬೀಜದ ಸಿಪ್ಪೆಯಷ್ಟು ಕಹಿ. ಎಂಟು ವರ್ಷದಲ್ಲಿ ಅವನು ಇಂಥ ಅಂಬರ್ ಕುಡಿದಿರಲಿಲ್ಲ. ಅವನ ಅಂಕಣದ ಒಂದೊಂದು ಶಬ್ದವನ್ನೂ ಆ ಹುಡುಗಿ ಅಪ್ಪನ ಬಾಯಿಂದ ಕೇಳಿ ಕೇಳಿ ಬಿಯರ್ ಮಾಡಿ ಬಾಟಲಿಗೆ ತುಂಬಿದ್ದಳು. ಧನರಾಜ್ ಅತ್ತ. ಶೀಲಾವತಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು, ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ಅತ್ತದ್ದನ್ನು ಅವಳು ನೋಡಿರಲಿಲ್ಲ.

ಮರುದಿನವೇ ಅಣ್ಣು ಮಾಸ್ಟ್ರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಇಡೀ ಪುಟದ ತಿದ್ದುಪಡಿ ಹಾಕಬೇಕೆಂದ. ಮಾಸ್ಟ್ರು ಒಳ್ಳೆಯವರು, ಆದರೆ ಪತ್ರಿಕೆ ಸಂಘದ್ದು. ಇಡೀ ಪುಟ ಸಾಧ್ಯವಿಲ್ಲ, ಆರು ಸಾಲು ಕೊಡುತ್ತೇನೆ ಎಂದರು. ಆರು ಸಾಲಿನಲ್ಲಿ ಅವನು ಗ್ಲಾಸು, ಎಣ್ಣೆ, ತನ್ನ ತಪ್ಪು ಎಲ್ಲವನ್ನೂ ತುರುಕಿ, ದೂಜ ಅಂಬರ್ ನಾನು ಕುಡಿದ ಅಂಬರುಗಳಲ್ಲಿ ಎಲ್ಲಕ್ಕಿಂತ ಮೇಲು ಎಂದು ಬರೆದ. ಅದು ಶ್ರದ್ಧಾಂಜಲಿಗಳ ಕೆಳಗೆ ಅಚ್ಚಾಯಿತು.

ಓದಿದವರೆಲ್ಲ ನಕ್ಕರು. ಅದೇ ಘಾಟ್‌ಕೋಪರಿನ ಮಾಲೀಕರು ಫೋನಿನಲ್ಲಿ ಅವನ ಹೆಗಲು ತಟ್ಟುವ ಧ್ವನಿಯಲ್ಲಿ ಮಾತಾಡಿದರು.

"ಧನರಾಜಣ್ಣ, ನೀವು ಮೊದಲು ಬರೆದದ್ದೇ ಸರಿ. ಈಗ ಗೆಳೆಯ ಬಂದು ಕಾಲು ಹಿಡಿದಿರಬೇಕು, ಅಲ್ವಾ? ನಮಗೆ ಅರ್ಥ ಆಗ್ತದೆ. ತೆಂಗಿನೆಣ್ಣೆಯ ಕತೆ ಮಾತ್ರ ಭಾರೀ ಚೆನ್ನಾಗಿ ಕಟ್ಟಿದ್ದೀರಿ."

ಅವನು ಆಣೆ ಹಾಕಿದ. ಆಣೆ ಹಾಕಿದಷ್ಟೂ ಅವರಿಗೆ ಸಂಶಯ ಗಟ್ಟಿಯಾಯಿತು. ಒಬ್ಬೊಬ್ಬರ ಬಾರಿಗೂ ಹೋಗಿ, ಒಂದು ಡ್ರಮ್ಮು ತರಿಸಿ ನೋಡಿ, ಚೆನ್ನಾಗಿಲ್ಲದಿದ್ದರೆ ನನ್ನನ್ನು ಕೇಳಿ ಎಂದು ಬೇಡಿಕೊಂಡ. ಚೆಂಬೂರು, ಸಯನ್, ಪರೇಲ್ ಎಲ್ಲ ಸುತ್ತಿದ. ಪರೇಲಿನ ಹಳೆ ಮಿಲ್ಲಿನ ಕಾಂಪೌಂಡಿನಲ್ಲಿ ಹೊಸದಾಗಿ ಬಾರು ತೆರೆದಿದ್ದವರೊಬ್ಬರು ಅವನಿಗೆ ಚಹಾ ಕುಡಿಸಿ, ನಿಮ್ಮ ವಯಸ್ಸಿನಲ್ಲಿ ಹೀಗೆ ಬೇರೆಯವರಿಗಾಗಿ ಅಲೆಯಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಗೆಳೆಯನ ಮಗಳನ್ನೂ ಬಿಡದವನು ಎಂಬ ಮೊದಲ ಬರಹದ ಹೆಸರೇ ಎರಡನೆಯದನ್ನು ಕೊಂದುಹಾಕಿತ್ತು. ಏಪ್ರಿಲಿನಿಂದ 'ಒಂದು ಗುಟುಕು' ನಿಂತಿತು. ನಿಲ್ಲಿಸಿದವನು ಅವನೇ, ಯಾರೂ ಯಾಕೆಂದು ಕೇಳಲಿಲ್ಲ.

ಇದೆಲ್ಲ ಆದ ಮೇಲೆ ಅವನು ಸಯನ್‌ಗೆ ಹೋದ. ಮೊದಲೇ ಹೋಗಬೇಕಿತ್ತು. ಏನಾದರೂ ಸರಿಪಡಿಸಿಕೊಂಡು ಹೋದರೆ ಮುಖ ತೋರಿಸುವುದು ಸುಲಭವೆಂದು ತಡಮಾಡಿದ್ದ. ದೂಜ ಬಾಗಿಲು ತೆರೆದು, ಒಳಗೆ ಕರೆದು, ಕೂರಿಸಿ ನೀರು ಕೊಟ್ಟ. ಧನರಾಜ್ ಎಲ್ಲವನ್ನೂ ಹೇಳುವಾಗ ಒಮ್ಮೆಯೂ ಅಡ್ಡ ಮಾತಾಡಲಿಲ್ಲ. ಬೈಯುತ್ತಾನೆ ಎಂದು ಧನರಾಜ್ ಕಾದ. ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

"ಅವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ," ಎಂದ ದೂಜ ಕೊನೆಗೆ. "ನಾನೇ ಓದಿ ಹೇಳಿದ್ದು. ನಾಲ್ಕು ಮನೆಯವರನ್ನು ಕರೆದು ಕೂರಿಸಿ ಓದ್ಲಿಕ್ಕೆ ಶುರು ಮಾಡಿದ್ದೆ ಮಾರಾಯ. ಇದು ಸುಳ್ಳಿರಬೇಕು ಪಪ್ಪ ಅಂತ ಅವಳು ಹೇಳಿದ್ಳು. ಧನು ಸುಳ್ಳು ಬರೆಯುವವ ಅಲ್ಲ ಅಂತ ನಾನು ಜೋರು ಮಾಡಿದೆ. ಈಗ ಅವಳ ಹತ್ರ ನಾನು ಎಂತ ಹೇಳಲಿ?"

ಮಗಳು ಗಾಲಾ ಖಾಲಿ ಮಾಡುತ್ತಿದ್ದಾಳೆ, ಇವತ್ತು ಟ್ಯಾಂಕು ಒಯ್ಯಲು ಬರುತ್ತಾರೆ ಎಂದು ದೂಜನ ಹೆಂಡತಿ ವಾರಿಜಾ ಒಳಗಿನಿಂದಲೇ ಹೇಳಿದಳು. ಅವಳು ಹೊರಗೆ ಬಂದು ಅವನ ಮುಖ ನೋಡಲಿಲ್ಲ.

ಧನರಾಜ್ ಮನೆಗೆ ಬಂದು ನಾಲ್ಕನೆಯ ಬಾಟಲಿಯನ್ನು ಐಸಿನ ಜೊತೆ ಚೀಲದಲ್ಲಿಟ್ಟು, ಹೊಸ ಗ್ಲಾಸನ್ನು ಟವೆಲಿನಲ್ಲಿ ಸುತ್ತಿಕೊಂಡು, ಚೆಂಬೂರಿನಿಂದ ವಾಶಿಗೆ ಹೋಗಿ ಅಲ್ಲಿ ರಬಾಳೆಗೆಂದು ಥಾಣೆಯ ಲೋಕಲ್ ಹಿಡಿದ. ಅವನಿಗೆ ಇನ್ನೂ ಒಂದು ಆಸೆ ಇತ್ತು. ಊರೆಲ್ಲ ನಂಬದಿದ್ದರೂ ಹೋಗಲಿ, ತಾನು ಮಾಡಿದ್ದು ಚಿನ್ನದಂಥ ಬಿಯರ್ ಎಂದು ಆ ಹುಡುಗಿಗೆ ಗೊತ್ತಾದರೆ ಸಾಕು. ಗಾಲಾ ಹೋದರೆ ಇನ್ನೊಂದು ಹಿಡಿಯಬಹುದು. ಮಾಡುವ ಕೈ ಉಳಿದರೆ ಮುಂದೆಂದಾದರೂ ಮಾಡಬಹುದು. ಲೋಕಲಿನ ಬಾಗಿಲಲ್ಲಿ ನಿಂತು ಹೋಗುವಾಗ, ಅವಳಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ.

ರಬಾಳೆಯ ಗಾಲಾದಲ್ಲಿ ಮೂರು ಟ್ಯಾಂಕು ಆಗಲೇ ಹೋಗಿದ್ದವು. ನೆಲದಲ್ಲಿ ಅವು ನಿಂತಿದ್ದ ಜಾಗದ ಗುರುತು ಉಳಿದಿತ್ತು. ನಾಲ್ಕನೆಯದರ ಬೋಲ್ಟುಗಳನ್ನು ಇಬ್ಬರು ಬಿಚ್ಚುತ್ತಿದ್ದರು. ಪ್ರಣೀತಾ ಪೈಪುಗಳನ್ನು ಸುತ್ತಿಡುತ್ತಿದ್ದಳು. ಅವನನ್ನು ನೋಡಿ ಎದ್ದು, ತಾನು ಕೂತಿದ್ದ ಸ್ಟೂಲನ್ನೇ ಕೊಟ್ಟು, ಊಟ ಆಯಿತಾ ಎಂದು ಕೇಳಿದಳು. ಸೋಮವಾರದಿಂದ ಬಿಸ್ಕತ್ತಿನ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ ಎಂದಳು. ಧನರಾಜನ ಬಾಯಿಪಾಠವೆಲ್ಲ ಮರೆತುಹೋಗಿ, ಗ್ಲಾಸು ಎಣ್ಣೆ ಎಂದು ಹಿಂದುಮುಂದಾಗಿ ಏನೇನೋ ಹೇಳಿದ. ಅವಳಿಗೆ ಅಪ್ಪ ಫೋನಿನಲ್ಲಿ ಆಗಲೇ ಹೇಳಿದ್ದ.

"ಪಪ್ಪ ಬೋಲೆ," ಎಂದಳು. "ಅಂಕಲ್, ಒಂದು ಹೇಳ್ತೇನೆ, ಬೇಜಾರ್ ಮಾಡ್ಬೇಡಿ. ಅದು ಟ್ಯಾಂಕಲ್ಲಿ ಇದ್ದಾಗ ನನ್ಗೆ ಬಹುತ್ ಅಚ್ಛಾ ಲಗಾ ಥಾ. ಪರ್ಫೆಕ್ಟ್ ಅಂತ ಅನ್ಸಿತ್ತು. ಆಮೇಲೆ ಪಪ್ಪ ನೀವು ಬರ್ದದ್ದು ಓದಿದ್ರು. ನಾನು ವಾಪಸ್ ಬಂದು ಟೇಸ್ಟ್ ಮಾಡಿದೆ. ಆಗ ನನ್ಗೂ ಆ ಸ್ಮೆಲ್ ಬಂತು."

ಆಮೇಲೆ ನಡೆದದ್ದನ್ನು ಅವಳು ಬೇರೆ ಯಾರದೋ ಸುದ್ದಿ ಎನ್ನುವ ಹಾಗೆ ಹೇಳಿದಳು. ತಯಾರಾಗಿ ನಿಂತಿದ್ದ ಎರಡು ಟ್ಯಾಂಕು ಬಿಯರನ್ನು ಅವಳೇ ಚರಂಡಿಗೆ ಬಿಟ್ಟಳು. ಮಾಲ್ಟು ಬದಲಿಸಿದಳು, ಟ್ಯಾಂಕುಗಳನ್ನು ಆಸಿಡ್ ಹಾಕಿ ತೊಳೆದಳು, ಮತ್ತೆ ಮಾಡಿದಳು. ಮತ್ತೆ ಕಮಟು ಬಂತು. ಅದನ್ನೂ ಬಿಟ್ಟಳು. ಜೊತೆಗೆ ಕೆಲಸ ಮಾಡುವವರು ಏನೂ ವಾಸನೆಯಿಲ್ಲ ಎಂದರು. ಅವರಿಗೇನು ಗೊತ್ತು, ಧನರಾಜ್ ಅಂಕಲ್‌ಗೆ ಗೊತ್ತಾಗಿದೆ ಎಂದು ಅವರ ಮಾತು ಕೇಳಲಿಲ್ಲ.

ಧನರಾಜ್ ಎದ್ದು, ಮೂಲೆಯ ನಲ್ಲಿಯಲ್ಲಿ ಗ್ಲಾಸು ತೊಳೆದ. ನೀರು ಒಳಗೆ ಹಾಳೆಯಾಗಿ ಇಳಿಯುವುದನ್ನು ಅವಳಿಗೆ ತೋರಿಸಿದ. ಬಾಟಲಿ ತೆರೆದು ನಿಧಾನವಾಗಿ ಬಗ್ಗಿಸಿದ. ನೊರೆ ಎರಡು ಬೆರಳು ಎದ್ದು ನಿಂತಿತು. ಬೋಲ್ಟು ಬಿಚ್ಚುತ್ತಿದ್ದವರು ಕೂಡ ತಿರುಗಿ ನೋಡಿದರು. ಅವನು ಮೊದಲು ತಾನು ಮೂಸಿ, ಹುರಿದ ಅಕ್ಕಿ, ಓಲೆಬೆಲ್ಲ ಎಂದು ಒಂದೊಂದಾಗಿ ಹೇಳಿ, ಗ್ಲಾಸನ್ನು ಅವಳ ಕೈಗೆ ಕೊಟ್ಟ.

"ನೋಡು ಮಗಾ," ಎಂದ. "ಇದರಲ್ಲಿ ಎಂತದೂ ಇಲ್ಲ. ನನ್ನಪ್ಪನಾಣೆ, ಎಂತದೂ ಇಲ್ಲ."

ಪ್ರಣೀತಾ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ತುಂಬ ಹೊತ್ತು ಹಾಗೆಯೇ ಇದ್ದಳು. ಒಂದು ಗುಟುಕು ಕುಡಿದಳು, ಬಾಯಲ್ಲಿ ತಿರುಗಿಸಿದಳು, ನುಂಗಿದಳು. ಆಮೇಲೆ ಇನ್ನೊಮ್ಮೆ ಮೂಸಿದಳು. ಅವನಿಗಾಗಿ ಪ್ರಯತ್ನ ಮಾಡುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

"ಈಗ್ಲೂ ಬರ್ತಾ ಇದೆ, ಅಂಕಲ್," ಎಂದಳು.

ಗ್ಲಾಸನ್ನು ಜೋಪಾನವಾಗಿ ನೆಲದ ಮೇಲಿಟ್ಟು ಅವಳು ಮತ್ತೆ ಪೈಪು ಸುತ್ತಲು ಕೂತಳು. ಅವಳಲ್ಲಿ ಸಿಟ್ಟಿರಲಿಲ್ಲ, ಹಂಗಿಸುವ ಮಾತೂ ಅದಾಗಿರಲಿಲ್ಲ. ಧನರಾಜ್ ಅವಳ ಮುಖವನ್ನೇ ನೋಡಿದ. ಅವಳಿಗೆ ಆ ಕಮಟು ನಿಜವಾಗಿಯೂ ಬರುತ್ತಿತ್ತು.